ಹಣೆಯ ಕಡೆಗೆ ಹೊರಟ ಕೈ

ಮಂಗಸೂಳಿಯ ರಾವಸಾಹೇಬರ ಮಗಳು ಸೀಮಾಳ ಎಡಗೈ ಬಹಳ ಸಭ್ಯ. ಹೇಳಿದಷ್ಟು ಮಾಡಿ ಸುಮ್ಮನಿರುತ್ತದೆ. ಬಲಗೈ ಹಾಗಲ್ಲ, ಅದು ಪರಮಭಕ್ತ. ಹೊಸದೇನಾದರೂ ಬೆರಳಿಗೆ ತಾಗಿದರೆ ಸಾಕು, ಸೀಮಾಳನ್ನು ಒಂದು ಮಾತೂ ಕೇಳದೆ ಅದನ್ನೆತ್ತಿಕೊಂಡು ಹಣೆಯ ಕಡೆಗೆ ಹೊರಟುಬಿಡುತ್ತದೆ. ಪೆನ್ನು, ಪುಸ್ತಕ, ಬಸ್ಸಿನ ಪಾಸು, ಹೊಸ ಚಪ್ಪಲಿಯ ಡಬ್ಬಿ, ಯಾವುದಕ್ಕೂ ಭೇದವಿಲ್ಲ. ಕತ್ತಿ ಎತ್ತಿದ ಕೈಗಳ ಪ್ರತಾಪ ರಾಜಮಹಾರಾಜರ ಚರಿತ್ರೆಯಲ್ಲಿ ಬೇಕಾದಷ್ಟಿದೆ. ಎತ್ತಿದ್ದನ್ನು ಹಣೆಗೆ ಮುಟ್ಟಿಸದೆ ಕೆಳಗಿಳಿಸಿದ ಕೈಯ ಪ್ರತಾಪವನ್ನು ಮಾತ್ರ ಯಾರೂ ಬರೆದಂತಿಲ್ಲ. ಅದಕ್ಕೇ ಇದು.

ಕೈಯನ್ನಷ್ಟೇ ದೂರಿ ಪ್ರಯೋಜನವಿಲ್ಲ, ಅದು ವಂಶದ ಕೈ. ರಾವಸಾಹೇಬರು ದ್ರಾಕ್ಷಿ ತೋಟದಲ್ಲಿ ಪಂಪು ಚಾಲೂ ಮಾಡುವ ಮುನ್ನ ಸ್ಟಾರ್ಟರ್ ಡಬ್ಬಿಯನ್ನು ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳುತ್ತಾರೆ. ಕರೆಂಟು ಇಲ್ಲದಾಗಲೂ ಒತ್ತಿಕೊಳ್ಳುತ್ತಾರೆ, ಏಕೆಂದರೆ ಕರೆಂಟು ಇಲ್ಲವೆಂದು ಗೊತ್ತಾಗುವುದು ಒತ್ತಿಕೊಂಡ ಮೇಲೆಯೇ. ಸೀಮಾಳ ಅಣ್ಣ ಅಮೋಲ ಮೋಟರ್‌ಸೈಕಲ್ಲಿನ ಹ್ಯಾಂಡಲಿಗೆ ಕೈ ಮುಗಿಯದೆ ಊರು ಬಿಟ್ಟವನಲ್ಲ. ಇವರೆಲ್ಲರ ಗುರು ಅಜ್ಜಿ ಶಿವಗಂಗವ್ವ. ಟೀವಿಯ ರಿಮೋಟನ್ನು ಕಣ್ಣಿಗೊತ್ತಿಕೊಂಡೇ ಆಕೆ ಧಾರಾವಾಹಿ ಹಚ್ಚುವುದು. ಆಮೇಲೆ ಧಾರಾವಾಹಿಯ ಅತ್ತೆಯನ್ನು ಮನಸಾರೆ ಬೈಯುತ್ತಾಳೆ. ಪೂಜೆಯ ಹೊತ್ತಿಗೆ ಪೂಜೆ, ಬೈಗುಳದ ಹೊತ್ತಿಗೆ ಬೈಗುಳ.

ಇಂಥ ಮನೆಯ ಹುಡುಗಿಗೆ ಆಪರೇಷನ್ ಥಿಯೇಟರಿನ ಹುಚ್ಚು ಹಿಡಿಸಿದ್ದು ಒಂದು ಬಾಗಿಲು. ಸೀಮಾ ಇನ್ನೂ ಶಾಲೆಯಲ್ಲಿದ್ದಾಗ ಅವಳ ತಾಯಿಗೆ ಪಿತ್ತಕೋಶದ ಕಲ್ಲಿನ ಆಪರೇಷನ್ ಆಯಿತು. ರಾವಸಾಹೇಬರೆಂದರೆ ಸಕ್ಕರೆ ಕಾರ್ಖಾನೆಯ ಗೇಟಿನವನು ದೂರದಿಂದಲೇ ಕಂಡು ಎದ್ದು ನಿಲ್ಲುವಂಥ ಮನುಷ್ಯ. ಊರಿನ ಯಾವ ಕಟ್ಟೆಗೆ ಹೋದರೂ ಅವರಿಗೆ ಜಾಗ ಬಿಟ್ಟ ಮೇಲೆಯೇ ಉಳಿದವರ ಮಾತು. ಅಂಥವರು ಧೋತರದ ಚುಂಗು ಹಿಡಿದು ಥಿಯೇಟರಿನ ಬಾಗಿಲಿಗೆ ನಡೆದು ಬಂದಾಗ, ಹಸಿರು ಅಂಗಿಯ ಒಬ್ಬ ನರ್ಸು ಬಾಗಿಲನ್ನು ಒಂದು ಗೇಣು ತೆರೆದು, "ಅಲ್ಲೇ ಕುಂದರ್ರಿ" ಎಂದಳು. ರಾವಸಾಹೇಬರು ಕುಳಿತರು. ಬಾಗಿಲು ಮುಚ್ಚಿತು. ಅಪ್ಪನನ್ನು ಎರಡೇ ಮಾತಿನಲ್ಲಿ ಕೂಡಿಸಬಲ್ಲ ಶಕ್ತಿಯೊಂದು ಭೂಮಿಯ ಮೇಲಿದೆ ಎಂಬುದನ್ನು ಸೀಮಾ ಅಂದು ಕಂಡಳು. ತಾಯಿ ಗುಣವಾಗಿ ಮನೆಗೆ ಬಂದಳು. ಮಗಳ ಮನಸ್ಸು ಬಾಗಿಲಿನ ಒಳಗೇ ಉಳಿಯಿತು.

ಹೀಗೆ ಅವಳು ಚಿಕ್ಕೋಡಿಯ ನರ್ಸಿಂಗ್ ಕಾಲೇಜು ಸೇರಿದಳು. ಕಾಲೇಜಿಗೆ ಅಂಟಿಕೊಂಡೇ ಆಸ್ಪತ್ರೆ. ಆಸ್ಪತ್ರೆಯ ಥಿಯೇಟರಿಗೆ ಕಾಳವ್ವ ಸಿಸ್ಟರ್ ಚಕ್ರವರ್ತಿನಿ. ಕೊನೆಯ ವರ್ಷದ ಹುಡುಗಿಯರಲ್ಲಿ ಥಿಯೇಟರಿಗೆ ಯಾರು, ಲಸಿಕೆ ಕೋಣೆಗೆ ಯಾರು ಎಂಬುದನ್ನು ತೀರ್ಮಾನಿಸುವವರು ಅವರೇ. ಎತ್ತರ ಅಷ್ಟಕ್ಕಷ್ಟೆ. ಆದರೆ ಅವರು ಕಾರಿಡಾರಿನಲ್ಲಿ ಬರುತ್ತಿದ್ದರೆ ಡಾಕ್ಟರುಗಳೂ ಮೊಬೈಲನ್ನು ಜೇಬಿಗೆ ಇಳಿಸುತ್ತಿದ್ದರು.

ಆ ವರ್ಷ ಕಾಲೇಜಿಗೆ ವಿಆರ್ ಬಂತು. ನಿಪ್ಪಾಣಿಯಿಂದ ದಿನಾ ಓಡಾಡುವ ಸಂಗ್ರಾಮ ಸರ್ ಅದರ ಉಸ್ತುವಾರಿ. ದೊಡ್ಡ ಕಪ್ಪು ಕನ್ನಡಕದಂಥ ಒಂದು ಡಬ್ಬಿ. ಅದನ್ನು ಕಣ್ಣಿಗೆ ಕಟ್ಟಿಕೊಂಡು ಎರಡೂ ಕೈಯಲ್ಲಿ ಒಂದೊಂದು ಹಿಡಿಕೆ ಹಿಡಿದರೆ, ನಿಂತಲ್ಲೇ ಥಿಯೇಟರು ಕಟ್ಟಿಕೊಳ್ಳುತ್ತದೆ. ಮೇಲೆ ದೀಪ, ಎದುರಿಗೆ ರೋಗಿ, ಪಕ್ಕದಲ್ಲಿ ಸಾಮಾನಿನ ಟ್ರೇ. ನೀರಿಲ್ಲದ ನಲ್ಲಿಯಲ್ಲಿ ಕೈ ತೊಳೆದು, ಇಲ್ಲದ ಕೈಗವಸು ತೊಟ್ಟು, ಇಲ್ಲದ ಡಾಕ್ಟರು ಕೇಳಿದ ಚಾಕು, ಕತ್ತರಿ, ಇಕ್ಕಳಗಳನ್ನು ತಪ್ಪದೆ ಕೊಡಬೇಕು. ತಪ್ಪಿದರೆ ಯಾರೂ ಸಾಯುವುದಿಲ್ಲ. ಇದೇ ಅದರ ಹೆಚ್ಚುಗಾರಿಕೆ ಎಂದು ಸಂಗ್ರಾಮ ಸರ್ ವಿವರಿಸಿದರು. ಹುಡುಗಿಯರೆಲ್ಲ ಅದಕ್ಕೆ ಗಾಗಲ್ ಎಂದು ಹೆಸರಿಟ್ಟರು.

ಗಾಗಲ್ಲು ಬಂದ ದಿನ ಪೂಜೆಯಾಗದೆ ಇರುತ್ತದೆಯೇ? ಕಾಳವ್ವ ಸಿಸ್ಟರ್ ಸ್ವತಃ ಊದುಬತ್ತಿ ಹಚ್ಚಿ ಕಾಯಿ ಒಡೆದರು. ಗಾಗಲ್ಲಿನ ಮುಂಭಾಗದಲ್ಲಿ ನಾಲ್ಕು ಪುಟ್ಟ ಗುಂಡಿಗಳಿದ್ದವು. ಕುಂಕುಮಕ್ಕೆಂದೇ ಕಂಪನಿಯವರು ಬಿಟ್ಟಿದ್ದಾರೆ ಅನ್ನುವಷ್ಟು ಅಚ್ಚುಕಟ್ಟು. ಸಿಸ್ಟರ್ ಅರಿಷಿಣದ ನೀರಿನಲ್ಲಿ ಬೆರಳು ಅದ್ದಿ, ನಾಲ್ಕಕ್ಕೂ ಕುಂಕುಮ ಹಚ್ಚಿದರು. ಎಲ್ಲರೂ ಸಾಲಾಗಿ ಮುಟ್ಟಿ ಕಣ್ಣಿಗೊತ್ತಿಕೊಂಡರು. ಬಳಿಕ ಗಾಗಲ್ಲು ತನ್ನ ಕೈ ಎಲ್ಲಿ, ನೆಲ ಎಲ್ಲಿ ಎಂಬುದನ್ನೇ ಮರೆತು ಥಿಯೇಟರನ್ನು ಉಲ್ಟಾ ತೋರಿಸತೊಡಗಿತು.

"ಸಿಸ್ಟರ್, ಅವು ಕ್ಯಾಮರಾ ರೀ," ಎಂದರು ಸಂಗ್ರಾಮ ಸರ್, ಅಳುವ ದನಿಯಲ್ಲಿ. "ಅದು ನೋಡೂದ ಅಲ್ಲಿಂದ. ಬಂದ ದಿನಾನ ಅದರ ಕಣ್ಣು ತುಂಬ್ಸಿಬಿಟ್ರಿ."

"ಮೊದಲ ಹೇಳಬೇಕಿಲ್ರಿ ಸರ? ಮೂಗಿನ ಮ್ಯಾಲ ಹಚ್ಚತಿದ್ದೆ," ಎಂದರು ಕಾಳವ್ವ ಸಿಸ್ಟರ್, ಒಂದಿಷ್ಟೂ ಅಳುಕಿಲ್ಲದೆ.

ಸಂಗ್ರಾಮ ಸರ್ ಹತ್ತಿ ಸುತ್ತಿದ ಕಡ್ಡಿಯಿಂದ ಆ ಕಣ್ಣುಗಳನ್ನು ತೊಳೆದು ಮತ್ತೆ ದಾರಿಗೆ ತರುವುದರಲ್ಲಿ ವಾರವೇ ಕಳೆಯಿತು. ಆಮೇಲೆ ಸೀಮಾಳ ಸರದಿ ಬಂತು.

ಅವಳು ಗಾಗಲ್ ಕಟ್ಟಿಕೊಂಡಳು. ಕೈ ತೊಳೆದಳು, ಕೈಗವಸು ತೊಟ್ಟಳು. ಕೈಗಳ ಸುತ್ತ ಹಸಿರು ಅಂಚು ಮೂಡಿತು. ಈಗ ಈ ಕೈ ಶುದ್ಧ; ಎದೆಗೂ ಸೊಂಟಕ್ಕೂ ನಡುವೆಯೇ ಇರಬೇಕು, ತೊಳೆಯದ ಯಾವುದನ್ನೂ ಮುಟ್ಟಬಾರದು. ಡಾಕ್ಟರು ಚಾಕು ಕೇಳಿದರು. ಸೀಮಾ ಟ್ರೇಯಿಂದ ಸರಿಯಾದ ಚಾಕುವನ್ನೇ ಎತ್ತಿದಳು. ಹೊಸ ಚಾಕು, ಥಳಥಳ ಹೊಳೆಯುವ ಚಾಕು. ಬಲಗೈ ಹೊರಟಿತು.

ಟಕ್.

ಕೈಯಲ್ಲಿದ್ದ ಹಿಡಿಕೆ ಹಣೆಯ ಮೇಲಿನ ಗಾಗಲ್ಲಿಗೆ ಹೋಗಿ ಬಡಿಯಿತು. ಎದುರಿನ ಥಿಯೇಟರೆಲ್ಲ ಕೆಂಪಾಯಿತು. ಕೈ ಮೈಲಿಗೆಯಾಯಿತು, ಮೊದಲಿಂದ ತೊಳೆಯಿರಿ ಎಂದು ಗಾಗಲ್ಲಿನೊಳಗಿನ ಹೆಣ್ಣುದನಿಯೊಂದು ಇಂಗ್ಲಿಷಿನಲ್ಲಿ ತಣ್ಣಗೆ ಹೇಳಿತು. ಆ ದನಿಗೆ ಹುಡುಗಿಯರು ಒಳಗಿನ ಅಕ್ಕೋರು ಎನ್ನುತ್ತಿದ್ದರು. ಸೀಮಾ ಮತ್ತೆ ತೊಳೆದಳು, ಮತ್ತೆ ಎತ್ತಿದಳು, ಟಕ್. ಈ ರೋಗ ಅವಳೊಬ್ಬಳದೇ ಅಲ್ಲ. ರಾಯಬಾಗದವರು, ಅಥಣಿಯವರು, ಇಡೀ ತರಗತಿಯೇ ಮೊದಲ ದಿನ ಟಕ್ ಟಕ್ ಎನ್ನುತ್ತಿತ್ತು. ಹೊರಗೆ ನಿಂತವರಿಗೆ ಒಳಗೆ ಬಡಗಿಗಳು ಕೂತಿದ್ದಾರೆ ಅನ್ನಿಸಬೇಕು. ಆದರೆ ಉಳಿದವರ ಕೈಗಳು ನಾಲ್ಕಾರು ಪೆಟ್ಟಿಗೆ ಬುದ್ಧಿ ಕಲಿತವು. ಸೀಮಾಳ ಕೈ ಕಲಿಯಲಿಲ್ಲ. ಅವಳ ಭಕ್ತಿ ಪೆಟ್ಟಿಗೆ ಜಗ್ಗುವಂಥದ್ದಲ್ಲ.

"ಸಾಮಾನೆಲ್ಲಾ ಬರೋಬರಿ ಕೊಡ್ತಾಳ," ಎಂದು ಸಂಗ್ರಾಮ ಸರ್ ಕಾಳವ್ವ ಸಿಸ್ಟರ್ ಮುಂದೆ ವಾದಿಸಿದರು. "ಇವಳಷ್ಟು ಚುರುಕು ಯಾರೂ ಇಲ್ರಿ. ಕೈ ಒಂದ ಮ್ಯಾಲ ಹೋಗ್ತೈತಿ."

"ಮ್ಯಾಲ ಹೋಗೂ ಕೈ ಥಿಯೇಟರಿಗಿ ಬ್ಯಾಡ್ರಿ." ಸಿಸ್ಟರ್ ಸೀಮಾಳ ಕಡೆ ತಿರುಗಿದರು. "ತಂಗಿ, ನಾ ಬಂದ ಹೊಸತರಾಗ ನನಗೂ ಹಿಂಗ ಇತ್ತು. ನಮ್ಮ ದೊಡ್ಡ ಸಿಸ್ಟರ್ ಚಿಮಟಿಗೀಲೆ ಕೈ ಮ್ಯಾಲ ಬಡೀತಿದ್ರು. ಈಗ ಬಡಿಯೂಹಂಗ ಇಲ್ಲ, ಅದಕ್ಕ ಇದನ್ನ ತರ್ಸ್ಯಾರ. ಮುಂದಿನ ಶುಕ್ರವಾರ ನಾ ನಿಂತು ನೋಡ್ತೀನಿ. ಒಂದ ಸಲ ಟಕ್ ಅಂದ್ರೂ ಲಸಿಕಿ ಕ್ವಾಣಿ. ಅಲ್ಲಿ ಕೂಸಗೋಳ ಅಳತಾವ, ಕೈ ಎಲ್ಲಿ ಹೋದ್ರೂ ಯಾರೂ ಕೇಳಂಗಿಲ್ಲ."

ಲಸಿಕೆ ಕೋಣೆಯ ಕೆಲಸ ಕೀಳಲ್ಲವೆಂದು ಸೀಮಾಳಿಗೂ ಗೊತ್ತು. ಆದರೆ ಆ ಕೋಣೆಗೆ ಬಾಗಿಲೇ ಇರಲಿಲ್ಲ, ಪರದೆ ಇತ್ತು. ಪರದೆಯ ಹಿಂದಿನಿಂದ ಯಾವ ರಾವಸಾಹೇಬರನ್ನೂ ಕೂಡಿಸಲಾಗುವುದಿಲ್ಲ.

ಶನಿವಾರ ಅವಳು ಹಾಸ್ಟೆಲಿನಿಂದ ಊರಿಗೆ ಹೊರಟಳು. ಅಂಕಲಿ ದಾಟಿ ಬಸ್ಸು ಕೃಷ್ಣೆಯ ಸೇತುವೆ ಹತ್ತಿದಾಗ, ಎಂದಿನಂತೆ ಬಸ್ಸಿಗೆ ಬಸ್ಸೇ ಕಿಟಕಿಯ ಕಡೆ ವಾಲಿ ಹೊಳೆಗೆ ಕೈ ಮುಗಿಯಿತು. ಸೀಮಾ ಬಲಗೈಯ ಮೇಲೆ ಕುಳಿತುಬಿಟ್ಟಳು. ಪಕ್ಕದ ಸೀಟಿನ ಮುದುಕಿ ಇದನ್ನು ಕಂಡು, ಈಗಿನ ಕಾಲದ ಹುಡುಗಿಯರ ಬಗ್ಗೆ ಕಾಗವಾಡ ಬರುವ ತನಕ ಮಾತಾಡಿದಳು.

ಮನೆಯಲ್ಲಿ ಗಾಗಲ್ ಇರಲಿಲ್ಲ. ಅಮೋಲನ ಹೆಲ್ಮೆಟ್ ಇತ್ತು. ಭಾನುವಾರ ಮುಂಜಾನೆ ಶಿವಗಂಗವ್ವ ಅಡುಗೆಮನೆಗೆ ಬಂದಾಗ, ಮೊಮ್ಮಗಳು ಹೆಲ್ಮೆಟ್ ಹಾಕಿಕೊಂಡು, ಗಾಜು ಇಳಿಸಿಕೊಂಡು, ಒಂದು ತಾಟಿನಲ್ಲಿ ದ್ರಾಕ್ಷಿ ಬಳ್ಳಿ ಸವರುವ ಚಾಟನಿ ಕತ್ತರಿ, ಲಟ್ಟಣಿಗೆ, ಸೌಟು, ಒಲೆಯ ಇಕ್ಕಳ ಜೋಡಿಸಿಕೊಂಡು ನಿಂತಿದ್ದಳು. ಎದುರಿಗೆ ಡಾಕ್ಟರನ ಪಾತ್ರದಲ್ಲಿ ಅಮೋಲ. ರೋಗಿಯ ಪಾತ್ರದಲ್ಲಿ ಒಂದು ದೊಡ್ಡ ಬದನೆಕಾಯಿ.

"ಕತ್ತರಿ," ಎಂದ ಅಮೋಲ, ಡಾಕ್ಟರನ ಗತ್ತಿನಲ್ಲಿ. ಸೀಮಾ ಕತ್ತರಿ ಎತ್ತಿದಳು. ಟಕ್.

"ಮತ್ತ ಹೋತು," ಎಂದ ಅಮೋಲ, ಅಜ್ಜಿಯ ಕಡೆ ತಿರುಗಿ. "ರೋಗಿ ಸತ್ತ. ಆಯಿ, ಬದನಿಕಾಯಿ ಪಲ್ಯಾ ಮಾಡಿಬಿಡು."

"ಏನ ಆಟ ನಡಿಸೀರಿ?" ಎಂದಳು ಶಿವಗಂಗವ್ವ. "ಅಡಗೀ ಮನ್ಯಾಗ ಗಾಡಿ ಟೊಪಗಿ ಯಾಕ ಹಾಕ್ಕೊಂಡೀಯೇ ಯವ್ವಾ? ಒಗ್ಗರಣಿ ಸಿಡಿತೈತಂತ ಹೆದರಿಕಿ ಬಂತೇನ?"

"ಆಯಿ, ಹಣಿಗಿ ಕೈ ಹಚ್ಚೂದು ಬಿಡಾಕತ್ತೀನಿ."

ಶಿವಗಂಗವ್ವ ತಾಟಿನಿಂದ ಎತ್ತಿಕೊಂಡಿದ್ದ ಸೌಟನ್ನು ಕೆಳಗಿಟ್ಟಳು. ಅದು ಯುದ್ಧಘೋಷಣೆ. "ಕತ್ತರಿಗಿ ಕೈ ಮುಗೀಲಾರದ ಬಳ್ಳಿಗಿ ಹಚ್ಚೂದಿಲ್ಲ ನಾವು. ನೀ ಮನಶ್ಯಾರಿಗಿ ಹಚ್ಚತೀಯೇನ?"

"ಹಣಿಗಿ ಹಚ್ಚಿದ್ರ ಕೈಗಿ ಹೊಲಸ ಹತ್ತತೈತಿ ಆಯಿ. ಅದ ಕೈಲೆ ಮುಟ್ಟಿದ್ರ ರೋಗಿಗಿ ಕೀವ ಆಗತೈತಿ."

"ಹಣಿ ಹೊಲಸ? ನಿನ್ನ ಹಣಿಗಿ ದಿನಾ ಮಲ್ಲಯ್ಯನ ಭಂಡಾರದ ಅರಿಷಿಣ ಹಚ್ಚೀನಿ ನಾನು. ಈ ಮನ್ಯಾಗ ಅದಕಿಂತ ಮಡಿ ಜಾಗಾ ಯಾವುದೈತಿ, ತೋರ್ಸು ನೋಡೂನು."

ಊರಿನಲ್ಲಿ ಮೈಯ ಅತ್ಯಂತ ಶುದ್ಧ ಜಾಗ ಹಣೆ. ಥಿಯೇಟರಿನ ಬಾಗಿಲು ದಾಟಿದರೆ ಅದೇ ಹಣೆ ಬೆವರು, ಕೂದಲು, ಕುಂಕುಮದ ಪುಡಿ. ಎರಡು ರಾಜ್ಯಗಳ ನಡುವಿನ ಈ ಗಡಿ ತಕರಾರಿನಲ್ಲಿ ಪಾಪ, ಆ ಕೈ ಸಿಕ್ಕಿಬಿದ್ದಿತ್ತು.

"ಯಾರಾದ್ರೂ ಒಬ್ರು ಕೈ ಮುಗೀಬೇಕವ್ವಾ," ಎಂದು ಶಿವಗಂಗವ್ವ ಕೊನೆಗೆ ತೀರ್ಪು ಕೊಟ್ಟಳು. "ನೀ ಮುಗೀಲಿಲ್ಲಂದ್ರ ಬ್ಯಾರೇದವರು ಮುಗದಾರ ಇಲ್ಲೋ ಅಂತ ಕೇಳಿ ತಿಳ್ಕೋ. ಹಂಗ ಚಾಲೂ ಮಾಡಬ್ಯಾಡ." ಹಾಗೆಂದು ಬದನೆಕಾಯಿಯನ್ನು ಎತ್ತಿಕೊಂಡು ಹೋದಳು. ರೋಗಿ ಮಧ್ಯಾಹ್ನದ ಹೊತ್ತಿಗೆ ಎಣಗಾಯಿಯಾಗಿದ್ದ.

ಸೀಮಾ ಆ ದಿನವೆಲ್ಲ ಹೆಲ್ಮೆಟ್ ತೆಗೆಯಲಿಲ್ಲ. ಎತ್ತುವುದು, ಟಕ್, ಇಳಿಸುವುದು. ಸಂಜೆ ರಾವಸಾಹೇಬರ ಜೊತೆ ತೋಟಕ್ಕೆ ಹೋಗಿ ಸ್ಟಾರ್ಟರ್ ಡಬ್ಬಿಯ ಮುಂದೆ ನಿಂತಳು. ಹಳ್ಳಿಯ ಕೈಗೆ ಮೋಟರಿಗಿಂತ ದೊಡ್ಡ ಪರೀಕ್ಷೆ ಬೇರೆ ಇಲ್ಲ. ಕೈ ಎದ್ದಿತು, ಎದೆಯವರೆಗೆ ಬಂತು, ಅಲ್ಲಿ ಏನನ್ನೋ ನೆನಪಿಸಿಕೊಂಡಂತೆ ನಿಂತಿತು. ಹೆಲ್ಮೆಟ್ಟಿಗೆ ಬಡಿಯುವ ಮೊದಲೇ ತಲೆಯೊಳಗೆ ಟಕ್ ಎಂದಿತ್ತು. ಸೀಮಾ ಬಟನ್ ಒತ್ತಿದಳು. ಮೋಟರು ಗುಂಯ್ ಎಂದಿತು, ನೀರು ಬಂತು, ಆಕಾಶ ಬೀಳಲಿಲ್ಲ. ರಾವಸಾಹೇಬರು ಮಾತ್ರ ಮಗಳ ಹಿಂದಿನಿಂದ ಸದ್ದಿಲ್ಲದೆ ಡಬ್ಬಿಯನ್ನು ಮುಟ್ಟಿ ಕಣ್ಣಿಗೊತ್ತಿಕೊಂಡರು. ಖಾತ್ರಿಗೆ ಇರಲಿ ಎಂದು.

ಶುಕ್ರವಾರ ಕಾಳವ್ವ ಸಿಸ್ಟರ್ ಕೈಕಟ್ಟಿ ನಿಂತು ನೋಡಿದರು. ಚಾಕು ಎದ್ದಿತು, ಎದೆಯವರೆಗೆ ಬಂತು, ಚಾಕು ಡಾಕ್ಟರ ಕೈ ಸೇರಿತು. ಕತ್ತರಿ ಸೇರಿತು. ಇಕ್ಕಳ ಸೇರಿತು. ಆಪರೇಷನ್ ಮುಗಿಯುವ ತನಕ ಒಂದೂ ಟಕ್ ಇಲ್ಲ. ಒಳಗಿನ ಅಕ್ಕೋರು ಮೊದಲ ಬಾರಿಗೆ ಸೀಮಾಳನ್ನು ಹೊಗಳಿದರು. ಸಂಗ್ರಾಮ ಸರ್ ಅವಳ ಗಾಗಲ್ ಬಿಚ್ಚಿದವರೇ, ಖುಷಿ ತಡೆಯದೆ, ಅದನ್ನು ತಮ್ಮ ಕಣ್ಣಿಗೊತ್ತಿಕೊಂಡರು.

"ಗಾಗಲ್ ಇದ್ದಾಗ ಆತು," ಎಂದರು ಸಿಸ್ಟರ್. "ಸೋಮವಾರ ಗಾಗಲ್ ಇರಂಗಿಲ್ಲ. ವೃಷಭ ಡಾಕ್ಟರ ಕೇಸ್ ಐತಿ, ನೀ ನನ್ನ ಕಣ್ಣೆದುರಿಗೇ ನಿಂದ್ರು. ಅಲ್ಲಿ ಕೈ ಮ್ಯಾಲ ಹೋತಂದ್ರ ನಾ ಏನೂ ಅನ್ನಂಗಿಲ್ಲ, ಲಸಿಕಿ ಕ್ವಾಣೀ ಹಾದಿ ನಿನಗ ಗೊತ್ತೈತಿ."

ಸೋಮವಾರದ ರೋಗಿ ಬೇಡಕಿಹಾಳದ ಸತ್ತೆಪ್ಪ. ಕಬ್ಬು ತುಂಬಿದ ಟ್ರೇಲರಿನ ಮೇಲಿಂದ ಜಾರಿ ಮೊಣಕಾಲಿನ ಕೆಳಗೆ ಎಲುಬು ಮುರಿದುಕೊಂಡಿದ್ದ. ಬೆನ್ನಿಗೆ ಸೂಜಿ ಕೊಟ್ಟು ಸೊಂಟದಿಂದ ಕೆಳಗೆ ಮರಗಟ್ಟಿಸಿದ್ದರು. ಸೊಂಟದಿಂದ ಮೇಲೆ ಸತ್ತೆಪ್ಪ ಪೂರ್ತಿ ಎಚ್ಚರವಾಗಿದ್ದ. ಎದೆಯ ಬಳಿ ಹಸಿರು ಬಟ್ಟೆಯ ಪರದೆ. ಎರಡೂ ಕೈಗಳನ್ನು ಅತ್ತ ಇತ್ತ ಹಲಗೆಗೆ ಕಟ್ಟಿದ್ದರು. ಪರದೆಯ ಈಚೆ ನಡೆಯುವುದು ಕಾಣದಿದ್ದರೂ ಕೇಳುತ್ತಿತ್ತು, ಮತ್ತು ಕೇಳಿದ್ದಕ್ಕೆಲ್ಲ ಅವನು ಪ್ರಶ್ನೆ ಹಾಕುತ್ತಿದ್ದ.

ಸೀಮಾ ಮೊಣಕೈವರೆಗೆ ತೊಳೆದುಕೊಂಡು, ಹಸಿರು ಅಂಗಿ, ಕೈಗವಸು ತೊಟ್ಟು, ಕೈಗಳನ್ನು ಎದೆಯ ಮುಂದೆ ಜೋಡಿಸಿಕೊಂಡು ನಿಂತಳು. ಹಣೆಯ ಮೇಲೆ ಗಾಗಲ್ಲಿಲ್ಲ, ಹೆಲ್ಮೆಟ್ಟಿಲ್ಲ. ಬಟ್ಟೆಯ ಟೊಪ್ಪಿಗೆಯ ಕೆಳಗೆ ಬರಿ ಹಣೆ. ಹದಿನಾರಾಣೆ ಹಣೆ. ಹಿಂದೆ ಕಾಳವ್ವ ಸಿಸ್ಟರ್. ಅವರು ಕೈ ತೊಳೆದವರಲ್ಲ. ಹೊರಗಿನ ಸಾಮಾನು ಒದಗಿಸುತ್ತ ದೂರ ನಿಲ್ಲುವ ಪಾಳಿ ಅವರದು.

ಚಾಕು ಹೋಯಿತು. ಕತ್ತರಿ ಹೋಯಿತು. ಕೈ ಎದೆ ದಾಟಲಿಲ್ಲ. ಸೀಮಾಳಿಗೆ ಧೈರ್ಯ ಬರುತ್ತಿತ್ತು. ಅಷ್ಟರಲ್ಲಿ ವೃಷಭ ಡಾಕ್ಟರು, "ಹೊಸಾದು ಕೊಡ್ರಿ," ಎಂದರು.

ಹೊಸದೆಂದರೆ ಎಲುಬಿಗೆ ರಂಧ್ರ ಕೊರೆಯುವ ಡ್ರಿಲ್ಲು. ಹಳೆಯದು ದಣಿದ ಟ್ರ್ಯಾಕ್ಟರಿನಂತೆ ಕೆಮ್ಮುತ್ತಿತ್ತು. ಹೊಸದು ಬೆಳಿಗ್ಗೆಯಷ್ಟೇ ಶುದ್ಧವಾಗಿ, ಬಟ್ಟೆ ಸುತ್ತಿಕೊಂಡು ನೇರ ಥಿಯೇಟರಿಗೆ ಬಂದಿತ್ತು. ಕಾಯಿ ಒಡೆದಿಲ್ಲ, ಊದುಬತ್ತಿ ಬೆಳಗಿಲ್ಲ. ಮೋಟರು, ಅದೂ ಹೊಸ ಮೋಟರು, ಅದೂ ಪೂಜೆಯಾಗದ ಮೋಟರು. ಸೀಮಾ ಅದನ್ನು ಎತ್ತಿಕೊಂಡಾಗ ಮಂಗಸೂಳಿಯ ತಲೆತಲಾಂತರದ ಕೈಗಳೆಲ್ಲ ಒಟ್ಟಿಗೆ ಅವಳ ಬಲಗೈಯನ್ನು ಮೇಲಕ್ಕೆ ದಬ್ಬಿದವು. ಕೈ ಸೊಂಟ ಬಿಟ್ಟಿತು. ಹೊಟ್ಟೆ ದಾಟಿತು. ಎದೆಗೆ ಬಂತು. ತಲೆಯೊಳಗೆ ಟಕ್ ಎಂದಿತು. ಕೈ ನಿಂತಿತು. ಅವಳು ಡ್ರಿಲ್ಲನ್ನು ಡಾಕ್ಟರ ಕೈಗಿತ್ತು ಉಸಿರು ಬಿಟ್ಟಳು.

ವೃಷಭ ಡಾಕ್ಟರು ಅನುಭವಸ್ಥರು. ಚಾಕುವಿಗೆ, ಕತ್ತರಿಗೆ ಅವರ ಕೈ ಎಂದೂ ಏಳುವುದಿಲ್ಲ. ಆದರೆ ಅವರದೂ ಕಬ್ಬಿನ ಹೊಲದ ಮನೆ, ಅವರ ಅಪ್ಪನದೂ ಒಂದು ಸ್ಟಾರ್ಟರ್ ಡಬ್ಬಿ. ಹೊಸ ಮೋಟರಿನ ಭಾರ ಅಂಗೈಗೆ ಇಳಿದ ಕೂಡಲೇ ಅವರ ಕಣ್ಣು ಅರೆಮುಚ್ಚಿತು. ಡ್ರಿಲ್ಲು ನಿಧಾನವಾಗಿ, ಗಂಭೀರವಾಗಿ ಮೇಲೇಳತೊಡಗಿತು. ಎದೆಗೆ ಬಂತು. ಎದೆ ದಾಟಿತು. ಗದ್ದದ ಹತ್ತಿರ ಬಂತು.

"ಟಕ್," ಎಂದಳು ಸೀಮಾ.

ಹೇಳಬೇಕೆಂದು ಹೇಳಿದ್ದಲ್ಲ, ಬಾಯಿಂದ ಬಿದ್ದುಹೋಯಿತು. ಡ್ರಿಲ್ಲು ಅಲ್ಲೇ ನಿಂತಿತು. ಸೀಮಾಳ ಕಣ್ಣ ಮುಂದೆ ಲಸಿಕೆ ಕೋಣೆಯ ಪರದೆ ಗಾಳಿಗೆ ಹಾರಾಡಿತು.

"ಟಕ್ ಅಂದದ್ದ ನನ್ನ ಕಾಲೇನ್ರಿ?" ಎಂದು ಪರದೆಯ ಆಚೆಯಿಂದ ಸತ್ತೆಪ್ಪ ಕೇಳಿದ.

"ಇಲ್ಲೋ ಮಾರಾಯಾ, ನಿನ್ನ ಕಾಲು ಮೊದಲ ಮುರದೈತಿ," ಎಂದರು ಡಾಕ್ಟರು. ಅವರು ಡ್ರಿಲ್ಲನ್ನು ಮೆಲ್ಲಗೆ ಎದೆಯ ಮಟ್ಟಕ್ಕೆ ಇಳಿಸಿದರು, ಅದರ ಕಡೆ ನೋಡಿದರು, ಆಮೇಲೆ ಸೀಮಾಳ ಕಡೆ. ಮುಖಗವಸಿನ ಮೇಲೆ ಅವರ ಕಣ್ಣುಗಳಷ್ಟೇ ಕಾಣುತ್ತಿದ್ದವು, ಅವು ನಗುತ್ತಿದ್ದವು. "ಎಲ್ಲೂ ಮುಟ್ಟಿಲ್ಲಲ್ಲ?"

"ಇಲ್ರಿ ಸರ. ಗದ್ದದ ಕೆಳಗ ನಿಂತ್ರಿ."

"ಇದನ್ನ ಯಾರು ಕಲಿಸ್ಯಾರ ನಿಂಗ?"

"ಗಾಗಲ್ ರೀ ಸರ. ಮತ್ತ ನಮ್ಮ ಅಣ್ಣನ ಹೆಲ್ಮೆಟ್."

ಡಾಕ್ಟರ ಬೆರಳು ಡ್ರಿಲ್ಲಿನ ಬಟನ್ನಿನ ಮೇಲೆ ಹೋಗಿ ನಿಂತಿತು. ಮೋಟರು ಕೈಯಲ್ಲಿದೆ, ಚಾಲೂ ಮಾಡಬೇಕು. ಆದರೆ ಸುಮ್ಮನೆ ಹಾಗೇ ಚಾಲೂ ಮಾಡಲು ಮನಸ್ಸು ಒಪ್ಪುತ್ತಿಲ್ಲ ಎಂಬುದು ಎಲ್ಲರಿಗೂ ತಿಳಿಯಿತು, ಏಕೆಂದರೆ ಯಾರ ಮನಸ್ಸೂ ಒಪ್ಪುತ್ತಿರಲಿಲ್ಲ. ಸೀಮಾಳಿಗೆ ಎಣಗಾಯಿಯ ವಾಸನೆಯ ಜೊತೆಗೆ ಅಜ್ಜಿಯ ತೀರ್ಪು ನೆನಪಾಯಿತು.

"ಸರ," ಎಂದಳು ಅವಳು, ಕೈಗಳನ್ನು ಎದೆಯ ಮುಂದೆ ಇನ್ನಷ್ಟು ಬಿಗಿಯಾಗಿ ಜೋಡಿಸಿಕೊಂಡು. "ಕಾಳವ್ವ ಸಿಸ್ಟರ್ ಕೈ ತೊಳದಿಲ್ರಿ. ಅವರು ಮುಗೀಬಹುದು."

ಎಲ್ಲರ ಕಣ್ಣುಗಳೂ ಕಾಳವ್ವ ಸಿಸ್ಟರ್ ಕಡೆ ತಿರುಗಿದವು.

"ಹೌದಲ್ಲ," ಎಂದರು ಡಾಕ್ಟರು. "ಸಿಸ್ಟರ್, ನಿಮ್ಮ ಕೈ ಖಾಲಿ ಅದಾವ. ನಮ್ಮೆಲ್ಲಾರ ಪರವಾಗಿ ನೀವ ಒಂದ ಸಲ ಮಾಡ್ರಿ. ಅಲ್ಲೇ ನಿಂತು ಮಾಡ್ರಿ ಮತ್ತ, ಕುಂಕುಮ ಬ್ಯಾಡ."

"ನನ್ನ ಪಾಲಿಂದೂ ಒಂದ ಇರ್ಲಿ ಯಕ್ಕಾ," ಎಂದ ಸತ್ತೆಪ್ಪ ಪರದೆಯ ಆಚೆಯಿಂದ. "ಏನಂತ ಗೊತ್ತಿಲ್ಲ, ಆದ್ರೂ ಇರ್ಲಿ. ನನ್ನ ಕೈ ಕಟ್ಟ್ಯಾರ."

ಡಾಕ್ಟರುಗಳ ಮೊಬೈಲು ಇಳಿಸುವ ಕಾಳವ್ವ ಸಿಸ್ಟರ್, ಚಿಮಟಿಗೆಯ ಪೆಟ್ಟು ತಿಂದು ಬೆಳೆದ ಕಾಳವ್ವ ಸಿಸ್ಟರ್, ಎಷ್ಟೋ ವರ್ಷಗಳಿಂದ ಥಿಯೇಟರಿನಲ್ಲಿ ಬಂಧಿಸಿಟ್ಟಿದ್ದ ತಮ್ಮ ಬಲಗೈಯನ್ನು ಬಿಟ್ಟರು. ಅದು ದೂರದಿಂದಲೇ ಡ್ರಿಲ್ಲಿನ ಕಡೆ ಚಾಚಿ, ಮರಳಿ, ಬಲಗಣ್ಣಿಗೆ, ಎಡಗಣ್ಣಿಗೆ, ಹಣೆಗೆ, ಒಂದನ್ನೂ ಬಿಡದೆ, ಬಡ್ಡಿ ಸಮೇತ ಮುಟ್ಟಿ ಬಂತು. ಡ್ರಿಲ್ಲು ಗುಂಯ್ ಎಂದಿತು. ಸತ್ತೆಪ್ಪನ ಎಲುಬು ಉಕ್ಕಿನ ಪಟ್ಟಿಗೆ ಬಿಗಿಯಾಗಿ ಕೂತಿತು.

ಆಪರೇಷನ್ ಮುಗಿದ ಮೇಲೆ ಸಿಸ್ಟರ್ ಸೀಮಾಳ ಹತ್ತಿರ ಬಂದರು. ಹೊಗಳುವ ಅಭ್ಯಾಸ ಅವರಿಗಿಲ್ಲ. "ನಾಳೆ ಲಗೂನ ಬಾ," ಎಂದರು. "ಎರಡು ಕೇಸ್ ಅದಾವ. ಈಗ ಹೊರಗ ಸತ್ತೆಪ್ಪನ ಮಂದಿ ಬಾಗಲಾ ಬಡಿಯಾಕತ್ತಾರ, ಹೋಗಿ ನೋಡು."

ಸೀಮಾ ಬಾಗಿಲನ್ನು ಒಂದು ಗೇಣು ತೆರೆದಳು. ಸತ್ತೆಪ್ಪನ ಕಡೆಯವರು ಬೇಡಕಿಹಾಳದಿಂದ ಒಂದು ಟಂಟಂ ಗಾಡಿ ತುಂಬ ಬಂದಿದ್ದರು. ಎಲ್ಲರ ಮುಂದೆ, ಬಿಳಿ ಟೊಪ್ಪಿಗೆಯ, ಭಾರಿ ಮೀಸೆಯ, ಪಕ್ಕಾ ರಾವಸಾಹೇಬರ ಅಳತೆಯ ಒಬ್ಬ ಯಜಮಾನರು.

"ಎಲ್ಲಾ ಚಲೋ ಆಗೇತ್ರಿ," ಎಂದಳು ಸೀಮಾ. "ಅಲ್ಲೇ ಕುಂದರ್ರಿ."

ಯಜಮಾನರು ಕುಳಿತರು. ಸೀಮಾ ಬಾಗಿಲು ಮುಚ್ಚಿ, ಒಳಬದಿಯಿಂದ ಅದರ ಹಿಡಿಕೆಯನ್ನು ಮುಟ್ಟಿದಳು. ಕೈಗವಸು ಬಿಚ್ಚಿಯಾಗಿತ್ತು, ದಿನದ ಕೆಲಸ ಮುಗಿದಿತ್ತು, ಇನ್ನು ಯಾವ ಅಡ್ಡಿಯೂ ಇರಲಿಲ್ಲ. ಬಲಗೈಗೆ ಅಪ್ಪಣೆಯಾಯಿತು. ಅದು ತನ್ನ ದಾರಿಯಲ್ಲಿ, ಆರಾಮವಾಗಿ, ಹಣೆಯವರೆಗೆ ಹೋಗಿ ಬಂತು.